ಪ್ರಯೋಗ, ನಿಂಬೆಹಣ್ಣು, ಹದಿನೆಂಟು ಪುಟ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನನ್ನು ಹುಡುಕಿಕೊಂಡು ಎಂಥ ಕೆಲಸ ಬಂದೀತು? ಮದುವೆ ಕರೆಯೋಲೆಯ ಕಾಗುಣಿತ ತಿದ್ದುವುದು, ನವೆಂಬರ್ ಬಂದರೆ ಬಡಾವಣೆಯ ಸಂಘದಲ್ಲಿ ಭಾಷಣ, ಯಾರಾದರೂ ತೀರಿಕೊಂಡರೆ ಫ್ಲೆಕ್ಸಿಗೆ ನಾಲ್ಕು ಸಾಲು. ಇವೆಲ್ಲ ನನಗೂ ಬಂದವು. ಜೊತೆಗೆ ಯಾರಿಗೂ ಬಾರದ ಇನ್ನೊಂದು ಬಂತು. ಅಕ್ಕನ ಮಗ ಒಂದು ಭಾನುವಾರ ಬಂದು ಸ್ಟೇಪ್ಲರ್ ಪಿನ್ನು ಹೊಡೆದ ಹದಿನೆಂಟು ಪುಟಗಳ ಇಂಗ್ಲಿಷ್ ಕಟ್ಟೊಂದನ್ನು ನನ್ನ ತೊಡೆಯ ಮೇಲಿಟ್ಟ. ಹೊಸ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ನೋಡಿ, ಅದರ ಫಲಾಫಲ ಬರೆದಿಡುವ ಸಂಸ್ಥೆಯೊಂದರಲ್ಲಿ ಅವನಿಗೆ ನೌಕರಿ.

“ಮಾಮ, ಪೇಪರಿನ ಪದಬಂಧ ತುಂಬೋ ಬದಲು ಇದನ್ನ ಮಾಡಿ. ರೋಗಿಗಳಿಗೆ ಅವರ ಭಾಷೆಯಲ್ಲೇ ತಿಳಿಸಿ ಸಹಿ ಹಾಕಿಸ್ಕೋಬೇಕು ಅಂತ ರೂಲ್ಸ್ ಇದೆ. ಪದಕ್ಕೆ ಇಷ್ಟು ಅಂತ ಕೊಡ್ತಾರೆ.”

ಪದಕ್ಕೆ ಇಷ್ಟು ಎಂದಾಗ ಸಂತೋಷಪಟ್ಟೆ. ಆದರೆ ಎಣಿಸುವುದು ಕನ್ನಡದ ಪದಗಳನ್ನು. ಇಂಗ್ಲಿಷಿನವರು ಎಂಟು ಪದಗಳಲ್ಲಿ ಹೇಳಿದ್ದು ನಮ್ಮಲ್ಲಿ ‘ತೆಗೆದುಕೊಳ್ಳಲಾಗುವುದಿಲ್ಲವೆಂಬುದನ್ನು’ ಎಂದು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಕೂಲಿ ಒಂದೇ ಪದದ್ದು. ಲೋಪಸಂಧಿ, ಆಗಮಸಂಧಿ ಎಂದು ಮೂರು ದಶಕ ಬೋರ್ಡಿನ ಮೇಲೆ ಬರೆದವನಿಗೆ ಲೋಪಸಂಧಿಯಲ್ಲಿ ಲೋಪವಾಗುವುದು ನಿಜಕ್ಕೂ ಏನೆಂದು ತಿಳಿದದ್ದು ಮೊದಲ ಚೆಕ್ ಬಂದಾಗ.

ಕಟ್ಟಿನ ಹೆಸರು ‘ರೋಗಿ ಮಾಹಿತಿ ಪತ್ರ ಮತ್ತು ತಿಳಿವಳಿಕೆಯುಕ್ತ ಸಮ್ಮತಿ ಪತ್ರ’. ಹೆಸರು ಓದುವಷ್ಟರಲ್ಲೇ ರೋಗಿಗೆ ಅರ್ಧ ಸುಸ್ತು. ಇದು ಎಂಟನೇ ಕ್ಲಾಸು ಓದಿದವರಿಗೂ ಅರ್ಥವಾಗುವಂತಿರಬೇಕು ಎಂದು ಅಕ್ಕನ ಮಗ ಹೇಳಿ ಹೋಗಿದ್ದ. ಹಾಗೆ ಸರಿಯಾಗಿ ಎಂಟನೇ ಕ್ಲಾಸು ಓದಿದವರು ನಮ್ಮ ಮನೆಯಲ್ಲೇ ಇದ್ದರು. ನಮ್ಮಮ್ಮ ಎಂಟಕ್ಕೆ ಸೇರಿದ ಮೂರನೇ ತಿಂಗಳಿಗೆ ಮದುವೆಯಾಗಿ ಹಾಸನದ ಕಡೆಯ ಹಳ್ಳಿಗೆ ಬಂದವರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಭೂತಗನ್ನಡಿ ಹಿಡಿದು ಪೇಪರಿನ ನಿಧನ ವಾರ್ತೆಯಿಂದ ಹಿಡಿದು ಸೋಪಿನ ಕವರಿನವರೆಗೆ ಎಲ್ಲವನ್ನೂ ಓದುತ್ತಿದ್ದರು. ಹಾಲಿನ ಲೆಕ್ಕ ಬರೆಯಲು ಕ್ಯಾಲೆಂಡರಿಗೆ ದಾರ ಕಟ್ಟಿ ನೇತುಹಾಕಿದ್ದ ಒಂದು ಗೇಣೂ ಇಲ್ಲದ ಪೆನ್ಸಿಲು ಅವರ ಆಯುಧ. ನನ್ನ ಮೊದಲ ಕರಡನ್ನು ಅವರ ಕೈಗೆ ಕೊಟ್ಟು, ಕಾಫಿಯ ಲೋಟ ಹಿಡಿದು ಎದುರಿಗೆ ಕೂತೆ. ಹೊಗಳಿಕೆ ಬರಬಹುದೆಂಬ ಆಸೆ ಇತ್ತು.

ಮೊದಲ ಸಾಲಿಗೇ ಭೂತಗನ್ನಡಿ ನಿಂತಿತು. ‘ಈ ಪ್ರಯೋಗದಲ್ಲಿ ಭಾಗವಹಿಸಲು ನಿಮ್ಮನ್ನು ಆಹ್ವಾನಿಸಲಾಗಿದೆ.’

“ಯಾರು ಯಾರಿಗೆ ಪ್ರಯೋಗ ಮಾಡಿಸ್ತಿದಾರೋ?” ಅಮ್ಮನ ಮುಖ ಗಂಭೀರವಾಗಿತ್ತು.

ನಮ್ಮೂರಿನಲ್ಲಿ ‘ಪ್ರಯೋಗ’ ಎಂದರೆ ಒಂದೇ. ಬೆಳಗ್ಗೆ ಎದ್ದು ನೋಡಿದರೆ ಹೊಸ್ತಿಲ ಹೊರಗೆ ಕುಂಕುಮ ಮೆತ್ತಿ ಸೂಜಿ ಚುಚ್ಚಿದ ನಿಂಬೆಹಣ್ಣು. ದಾಯಾದಿಗಳ ಮೇಲೆ ಅನುಮಾನ. ಎಮ್ಮೆ ಹಾಲು ಕೊಡದಿದ್ದರೂ ಸೊಸೆ ಬಸಿರಾಗದಿದ್ದರೂ “ಯಾರೋ ಪ್ರಯೋಗ ಮಾಡ್ಸವ್ರೆ” ಎಂಬುದೇ ರೋಗನಿದಾನ. ಇಂಥ ಪದ ಇಟ್ಟುಕೊಂಡು, ಕಾಯಿಲೆಯಾಗಿ ಬಂದವನಿಗೆ ‘ಬಾ, ನಿನಗೆ ಪ್ರಯೋಗ ಮಾಡುತ್ತೇವೆ’ ಎಂದು ಆಹ್ವಾನ ಕೊಟ್ಟಿದ್ದೆ ನಾನು. ಹೊಡೆದುಹಾಕಿ ‘ಅಧ್ಯಯನ’ ಎಂದು ಬರೆದೆ. “ಈ ವಯಸ್ಸಲ್ಲಿ ಓದೋದು ಬೇರೆನಾ?” ಅಂದರು. ‘ಪರೀಕ್ಷೆ’ ಎಂದೆ. “ಫೇಲಾದರೆ?” ಅಂದರು. ಕೊನೆಗೆ ‘ಹೊಸ ಮದ್ದು ಕೊಟ್ಟು ನೋಡುವ ಕೆಲಸ’ ಎಂದು ಬರೆದಾಗ ಪೆನ್ಸಿಲು ಮುಂದೆ ಹೋಯಿತು. ನಾಲ್ಕು ಪದ ಹೆಚ್ಚಾದವು. ನನಗೆ ಅದೂ ನಷ್ಟವೇನಲ್ಲ.

ಆದರೆ ಪ್ರಯೋಗ ಅಲ್ಲಿಗೇ ಬಿಡಲಿಲ್ಲ. ನಾನು ಮಕ್ಕಳಿಗೆ ಕಲಿಸಿದ ಇನ್ನೊಂದು ಪ್ರಯೋಗವಿತ್ತಲ್ಲ, ಕರ್ಮಣಿ ಪ್ರಯೋಗ? ಕಟ್ಟಿನ ಹದಿನೆಂಟೂ ಪುಟಗಳಲ್ಲಿ ಅದರದ್ದೇ ರಾಜ್ಯಭಾರ. ‘ನಿಮ್ಮ ರಕ್ತವನ್ನು ತೆಗೆಯಲಾಗುವುದು.’ ‘ನಿಮಗೆ ಮಾತ್ರೆಯನ್ನು ನೀಡಲಾಗುವುದು.’ ‘ನಿಮ್ಮನ್ನು ಕೈಬಿಡಲಾಗಬಹುದು.’ ಅಮ್ಮ ಒಂದೊಂದರ ಪಕ್ಕದಲ್ಲೂ ‘ಯಾರು?’ ಎಂದು ಪುಟ್ಟದಾಗಿ ಬರೆಯುತ್ತಾ ಹೋದರು. ತೆಗೆಯೋರು ಯಾರು? ಕೊಡೋರು ಯಾರು? ಕೈಬಿಡೋರು ಯಾರು? ಕರ್ತೃವನ್ನು ಮರೆಮಾಡಲು ಕರ್ಮಣಿ ಪ್ರಯೋಗ ಎಷ್ಟು ಅನುಕೂಲವೆಂದು ಮೂವತ್ತೊಂದು ವರ್ಷ ಪಾಠ ಮಾಡಿದರೂ ನನಗೆ ಹೊಳೆದಿರಲಿಲ್ಲ. ಐದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತಿತ್ತು.

‘ಕಾನೂನುಬದ್ಧ ಪ್ರತಿನಿಧಿ’ ಎಂಬಲ್ಲಿ, “ಎಮ್ಮೆಲ್ಲೆ ಕೈಲಿ ಸೈನ್ ಹಾಕಿಸ್ಬೇಕಾ?” ಅಂದರು. ನಮ್ಮ ಪಾಲಿಗೆ ಪ್ರತಿನಿಧಿ ಎಂದರೆ ಐದು ವರ್ಷಕ್ಕೊಮ್ಮೆ ಕೈಮುಗಿದು ಬರುವವನು ತಾನೇ? ‘ದ್ವಿ-ಅಂಧ’ ಎಂಬ ನನ್ನ ಹೆಮ್ಮೆಯ ಸೃಷ್ಟಿಯನ್ನು ಕಂಡು ಕರಡು ಕೆಳಗಿಟ್ಟು, “ಎರಡೂ ಕಣ್ಣು ಹೋಗೋ ಮದ್ದನ್ನ ಯಾಕೋ ಕೊಡ್ತಾರೆ, ಪಾಪಿಗಳು” ಎಂದರು. ರೋಗಿಗೆ ಕೊಟ್ಟದ್ದು ಹೊಸ ಮಾತ್ರೆಯೋ ಹಳೆಯದೋ ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ ಎಂದಷ್ಟೇ ಅದರ ಅರ್ಥ ಎಂದೆ. “ಹಂಗಂತಲೇ ಬರಿ” ಎಂದರು.

ರಕ್ತದ ಲೆಕ್ಕದ್ದೇ ಒಂದು ಕತೆ. ಮಿಲಿಲೀಟರು ಜನಕ್ಕೆ ತಿಳಿಯುವುದಿಲ್ಲವೆಂದು ಇಂಗ್ಲಿಷಿನವರೇ ಚಮಚದಲ್ಲಿ ಹೇಳುತ್ತಾರೆ: 5 ಮಿಲಿ ಎಂದರೆ ಒಂದು ಟೀ ಚಮಚ. ಒಟ್ಟು 60 ಮಿಲಿ, ಹನ್ನೆರಡು ಚಮಚ. ಅಮ್ಮ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಯ ಚಮಚ ತಂದು ಹನ್ನೆರಡು ಸಲ ನೀರನ್ನು ಲೋಟಕ್ಕೆ ಹಾಕಿ ನೋಡಿದರು. ಕಾಫಿ ಲೋಟದ ಅರ್ಧವೂ ಬರಲಿಲ್ಲ. “ಇಷ್ಟೇನಾ? ಇದನ್ನ ಹನ್ನೆರಡು ಚಮಚ ಅಂತ ಹೇಳಿ ಯಾಕೆ ಹೆದರಿಸ್ತೀಯ, ಅರ್ಧ ಲೋಟಕ್ಕೆ ಕಮ್ಮಿ ಅನ್ನು.” ಆ ಮೇಲೆ ವಾರಗಟ್ಟಲೆ ಸಕ್ಕರೆ ಡಬ್ಬಿಗೆ ಚಮಚ ಹಾಕುವಾಗಲೆಲ್ಲ ನನ್ನ ಹೆಂಡತಿ ಒಂದು ಕ್ಷಣ ಕೈ ತಡೆಯುತ್ತಿದ್ದಳು.

ಹೀಗೆ ಅಮ್ಮನಿಂದ ಪಾಸಾದ ಮೇಲೆ ಕಾಗದಕ್ಕೆ ಇನ್ನೊಂದು ಅಗ್ನಿಪರೀಕ್ಷೆ. ನನ್ನ ಕನ್ನಡವನ್ನು, ಮೂಲವನ್ನೇ ನೋಡದ ಇನ್ನಾರೋ ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಹೋದ ಹಾದಿಯಲ್ಲೇ ವಾಪಸು ಬಂದರೆ ಸರಿ, ಬೇರೆ ಊರು ತಲುಪಿದರೆ ತಪ್ಪು. ಒಂದು ಸಲ ಅಡ್ಡ ಪರಿಣಾಮಗಳ ಪಟ್ಟಿಯಲ್ಲಿ, ಮಾತ್ರೆ ತಿಂದರೆ ‘ತಲೆ ಹಗುರಾಗಬಹುದು’ ಎಂದು ಬರೆದಿದ್ದೆ. ತಲೆಸುತ್ತಿನ ಹಿಂದಿನ ಸ್ಥಿತಿ ಎಂದು ನನ್ನ ಭಾವನೆ. ವಾಪಸು ಬಂದ ಇಂಗ್ಲಿಷಿನಲ್ಲಿ, ಈ ಮಾತ್ರೆಯಿಂದ ನಿಮ್ಮ ಚಿಂತೆಗಳು ಕಡಿಮೆಯಾಗಬಹುದು ಎಂದಿತ್ತು! ಕನ್ನಡದಲ್ಲಿ ಸಾಲ ತೀರಿದರೆ ತಲೆ ಹಗುರಾಗುತ್ತದೆ, ಮಗಳ ಮದುವೆ ಮುಗಿದರೆ ತಲೆ ಹಗುರಾಗುತ್ತದೆ. ಅಡ್ಡ ಪರಿಣಾಮವನ್ನು ನಾನು ಮೋಕ್ಷವನ್ನಾಗಿ ಮಾಡಿಟ್ಟಿದ್ದೆ.

ಇವೆಲ್ಲ ಪದಗಳ ತಂಟೆ. ಪದಗಳ ತಂಟೆಯನ್ನು ಹೇಗೋ ಬಗೆಹರಿಸಬಹುದು. ಬಗೆಹರಿಯದೆ ಉಳಿದದ್ದು ಒಂದೇ ವಾಕ್ಯ. ಅದು ಹನ್ನೊಂದನೇ ಪುಟದಲ್ಲಿತ್ತು.

ಅದಕ್ಕೆ ಮೊದಲು ಚೀಟಿಯ ವಿಷಯ ಹೇಳಬೇಕು. ಯಾರಿಗೆ ಹೊಸ ಮದ್ದು, ಯಾರಿಗೆ ಹಳೆಯದು ಎಂಬುದನ್ನು ಡಾಕ್ಟರು ಆರಿಸುವಂತಿಲ್ಲ. ಕಂಪ್ಯೂಟರು ಮುಖ ಮೋರೆ ನೋಡದೆ ಹಂಚುತ್ತದೆ. ನಾನು ಇದಕ್ಕೆ ‘ಯಾದೃಚ್ಛಿಕ ಹಂಚಿಕೆ’ ಎಂದು ಬರೆದಿದ್ದೆ. ಅಮ್ಮ ಆ ಪದವನ್ನು ಮೂರು ಸಲ ಉಚ್ಚರಿಸಲು ನೋಡಿ, ಹಲ್ಲಿನ ಸೆಟ್ಟು ಸರಿಮಾಡಿಕೊಂಡು, ಬಿಟ್ಟರು. ‘ಚೀಟಿ ಎತ್ತಿದಂತೆ’ ಎಂದರೆ ಬೆಂಗಳೂರಿನಲ್ಲಿ ಜನ ಚೀಟಿ ವ್ಯವಹಾರದಲ್ಲಿ ಕಳೆದುಕೊಂಡ ದುಡ್ಡು ನೆನೆದು ಅಳುತ್ತಾರೆ. ಅಮ್ಮನ ಸಲಹೆ ಬೇರೆ: “ದೇವರ ಬಲಗಡೆ ಹೂ ಬಿದ್ರೆ ಆ ಮಾತ್ರೆ, ಎಡಗಡೆ ಬಿದ್ರೆ ಈ ಮಾತ್ರೆ ಅಂತ ಬರಿ, ಎಲ್ಲರಿಗೂ ತಿಳಿಯುತ್ತೆ.” ಇದಕ್ಕಿಂತ ಚೆನ್ನಾದ ವಿವರಣೆ ಇವತ್ತಿನವರೆಗೂ ನನಗೆ ಸಿಕ್ಕಿಲ್ಲ. ಕಂಪನಿಯವರು ದೇವರನ್ನು ಒಪ್ಪಲಿಲ್ಲ. ಕೊನೆಗೆ ‘ಟಾಸ್ ಹಾಕಿದಂತೆ’ ಎಂದು ಕ್ರಿಕೆಟ್ಟಿಗೆ ಶರಣಾದೆ.

“ಟಾಸ್ ಗೆದ್ದರೆ ಹೊಸ ಮದ್ದಾ?” ಅಂದರು ಅಮ್ಮ.

“ಇಲ್ಲಮ್ಮ. ಹೊಸದೇ ಒಳ್ಳೇದು ಅಂತ ಗೊತ್ತಿಲ್ಲ. ಗೊತ್ತಿದ್ರೆ ಈ ಕೆಲಸವೇ ಬೇಕಿರಲಿಲ್ಲ. ಎಲ್ಲರಿಗೂ ಅದನ್ನೇ ಕೊಡ್ತಿದ್ರು.”

“ಯಾರಿಗೆ ಗೊತ್ತಿಲ್ಲ?”

“ಡಾಕ್ಟ್ರಿಗೆ.”

ಅಮ್ಮ ಭೂತಗನ್ನಡಿಯ ಮೂಲಕ ನನ್ನನ್ನೇ ನೋಡಿದರು. ಒಂದು ದೊಡ್ಡ ಕಣ್ಣು. “ಡಾಕ್ಟ್ರಿಗೇ ಗೊತ್ತಿಲ್ಲ ಅಂತ ಬರೆದು, ಅವರ ಕೈಲೇ ಕೊಡಿಸ್ತೀಯಾ? ಅವರ ಮರ್ಯಾದೆ ಏನಾಗ್ಬೇಕು?”

ಅಮ್ಮನನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಹಳ್ಳಿಗೆ ವಾರಕ್ಕೆರಡು ದಿನ ಬರುತ್ತಿದ್ದ ಡಾಕ್ಟರು ‘ಗೊತ್ತಿಲ್ಲ’ ಎಂಬ ಪದವನ್ನು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ನಾಡಿ ಹಿಡಿಯುವ ಮುಂಚೆಯೇ ತಲೆಯಾಡಿಸುತ್ತಿದ್ದರು. ಅವರ ಚೀಟಿ ಕಿಟಕಿಯೊಳಗೆ ಹೋಗುತ್ತಿತ್ತು. ಕಾಂಪೌಂಡರು ದೊಡ್ಡ ಜಾಡಿಯಿಂದ ಗುಲಾಬಿ ಬಣ್ಣದ ಮಿಕ್ಸ್‌ಚರನ್ನು ನಾವು ಮನೆಯಿಂದ ಒಯ್ದ ಬಾಟಲಿಗೆ ಸುರಿಯುತ್ತಿದ್ದ. ಬಿಳಿ ಕಾಗದದ ಪಟ್ಟಿಯನ್ನು ಮಡಚಿ, ಮೂಲೆಗಳನ್ನು ಕತ್ತರಿಯಲ್ಲಿ ಚಕ್ ಚಕ್ ಎಂದು ಕತ್ತರಿಸಿ, ಬಿಡಿಸಿದರೆ ಗರಗಸದ ಹಲ್ಲು. ಅದನ್ನು ಬಾಟಲಿಗೆ ಅಂಟಿಸಿದರೆ ಒಂದೊಂದು ಹಲ್ಲಿಗೆ ಒಂದೊಂದು ಡೋಸು. ಜ್ವರಕ್ಕೂ ಅದೇ ಗುಲಾಬಿ, ಹೊಟ್ಟೆನೋವಿಗೂ ಅದೇ ಗುಲಾಬಿ. ಒಂದು ಸಲ ಎಮ್ಮೆಕರುವಿಗೂ ಕುಡಿಸಿದ್ದೆವು, ಅದೂ ಚೇತರಿಸಿಕೊಂಡಿತು. ಲ್ಯಾಟಿನ್ನಿನಲ್ಲಿ ‘ಪ್ಲಸೀಬೊ’ ಎಂದರೆ ‘ನಾನು ಮೆಚ್ಚಿಸುತ್ತೇನೆ’ ಎಂದು ಅರ್ಥವಂತೆ. ನನ್ನ ಕಾಗದಗಳಲ್ಲಿ ಅದನ್ನು ‘ಮದ್ದಿನ ಅಂಶವಿಲ್ಲದ, ನೋಡಲು ಮದ್ದಿನಂತೆಯೇ ಇರುವ ಮಾತ್ರೆ’ ಎಂದು ಉದ್ದುದ್ದ ಬರೆಯುವಾಗಲೆಲ್ಲ ನನಗೆ ಆ ಗುಲಾಬಿ ಬಾಟಲಿ ಕಣ್ಣಿಗೆ ಕಟ್ಟುತ್ತದೆ. ಸಹಿ ಇಲ್ಲದೆ, ಪತ್ರವಿಲ್ಲದೆ ನಮ್ಮ ಊರಿಗೆ ಊರೇ ಸೇರಿಕೊಂಡಿದ್ದ ಅಧ್ಯಯನ ಅದು.

ಅಮ್ಮನಿಗೆ ಕನ್ನಡದಲ್ಲಿ ವೈದ್ಯವನ್ನು ಓದುವುದು ಹೊಸದೇನಲ್ಲ. ಅನುಪಮಾ ನಿರಂಜನರ ‘ತಾಯಿ ಮಗು’ವನ್ನು ರಟ್ಟು ಕಿತ್ತುಬರುವಷ್ಟು ಓದಿ, ತಾವು ಮುಗಿಸಿದ ಮೇಲೆ ನನ್ನ ತಂಗಿಗೆ, ಆಮೇಲೆ ಸೊಸೆಗೆ ದಾಟಿಸಿದ್ದರು. ಡಾಕ್ಟರಾಗಿದ್ದುಕೊಂಡೇ ‘ಕೊರವಂಜಿ’ ಹೊರಡಿಸಿ ನಾಡನ್ನು ನಗಿಸಿದ ರಾಶಿಯವರ ಬರಹವೂ ನಮ್ಮ ಮನೆಯಲ್ಲಿತ್ತು. ಅವರೆಲ್ಲ ಎದುರಿಗೆ ಕೂತವರ ಜೊತೆ ಮಾತಾಡಿದಂತೆ ಬರೆದರು. ನಾನು ಬರೆಯಬೇಕಾದದ್ದು ವಕೀಲರು, ಕಂಪನಿ, ಆಸ್ಪತ್ರೆಯ ನೈತಿಕ ಸಮಿತಿ ಎಲ್ಲರೂ ತಲೆಯಾಡಿಸಿದ ಮೇಲೆ ಉಳಿದದ್ದನ್ನು. ಈ ಸಮಿತಿಯಲ್ಲಿ ಡಾಕ್ಟರುಗಳ ಜೊತೆಗೆ ಕಾನೂನು ತಿಳಿದವರೊಬ್ಬರು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ಮನುಷ್ಯರೊಬ್ಬರು ಇರಲೇಬೇಕೆಂದು ನಿಯಮ. ಆ ಸಾಮಾನ್ಯರ ಜಾಗಕ್ಕೆ ಅಮ್ಮನನ್ನು ಹಾಕಬೇಕಿತ್ತು. ಸಭೆ ಮಾತ್ರ ಆ ದಿನ ಮುಗಿಯುತ್ತಿರಲಿಲ್ಲ.

ಡಾಕ್ಟರಿಗೆ ಗೊತ್ತಿಲ್ಲ ಎಂಬುದನ್ನು ಅಮ್ಮನ ಗಂಟಲಲ್ಲಿ ಇಳಿಸಲು ಜೇಮ್ಸ್ ಲಿಂಡ್‌ನ ಕತೆ ಹೇಳಿದೆ. 1747ನೇ ಇಸವಿ. ಬ್ರಿಟಿಷ್ ನೌಕಾಪಡೆಯ ಸಾಲ್ಸ್‌ಬರಿ ಎಂಬ ಹಡಗು. ನಾವಿಕರಿಗೆ ಒಸಡು ಕೊಳೆತು, ಮಂಡಿ ಸೋತು, ಸ್ಕರ್ವಿ. ಲಿಂಡ್ ಆ ಹಡಗಿನ ಡಾಕ್ಟರು. ಒಂದೇ ಥರ ಕಾಯಿಲೆ ಬಿದ್ದ ಹನ್ನೆರಡು ಜನರನ್ನು ಒಂದೇ ಕಡೆ ಮಲಗಿಸಿ, ಒಂದೇ ಊಟ ಹಾಕಿ, ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ಗಂಧಕಾಮ್ಲದ ಹನಿ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ ಸಾಸಿವೆಯ ಲೇಹ್ಯ, ಕೊನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆಹಣ್ಣು. ಆರು ದಿನಕ್ಕೆ ಹಣ್ಣು ಮುಗಿದವು. ಅಷ್ಟರಲ್ಲೇ ಆ ಇಬ್ಬರಲ್ಲಿ ಒಬ್ಬ ಎದ್ದು ಕೆಲಸಕ್ಕೆ ಹೋದ.

“ಒಸಡಿಗೆ ನಿಂಬೆಹಣ್ಣು ಒಳ್ಳೇದು ಅಂತ ತಿಳಿಯೋಕೆ ಹಡಗು ಹತ್ತಬೇಕಿತ್ತಾ?” ಅಂದರು ಅಮ್ಮ. ಹತ್ತಿದರೂ ತಿಳಿಯಲಿಲ್ಲ ಎಂಬುದೇ ವಿಚಿತ್ರ. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ಶುರುಮಾಡಿದ್ದು 1795ರಲ್ಲಿ. ನಮ್ಮ ಸರ್ಕಾರಿ ಕಡತಗಳನ್ನು ಬೈಯುವಾಗ ಇದನ್ನು ನೆನೆಸಿಕೊಂಡು ಸ್ವಲ್ಪ ಮೆತ್ತಗಾಗುತ್ತೇನೆ.

ಅಮ್ಮ ಆಮೇಲೆ ಬಹಳ ಹೊತ್ತು ಬತ್ತಿ ಹೊಸೆಯುತ್ತಾ ಕೂತಿದ್ದರು. ಏಳೆಂಟು ಬತ್ತಿ ಆದ ಮೇಲೆ ಕೇಳಿದರು: “ಆ ಸಮುದ್ರದ ನೀರು ಕುಡಿದ ಇಬ್ಬರನ್ನ ಯಾರಾದ್ರೂ ಕೇಳಿದ್ರಾ, ಕುಡೀತೀರಾ ಅಂತ?”

ಯಾರೂ ಕೇಳಿರಲಿಲ್ಲ. ಅಂಥವರನ್ನು ಕೇಳಲೇಬೇಕು, ಅವರಾಗಿಯೇ ಮನಸ್ಸಾರೆ ಒಪ್ಪಲೇಬೇಕು ಎಂದು ನ್ಯೂರೆಂಬರ್ಗಿನ ನ್ಯಾಯಾಧೀಶರು ನಾಜಿ ಡಾಕ್ಟರುಗಳಿಗೆ ಶಿಕ್ಷೆ ಕೊಡುವಾಗ ತೀರ್ಪಿನಲ್ಲಿ ಬರೆದದ್ದು 1947ರಲ್ಲಿ. ಆ ಹಡಗಿನಿಂದ ಲೆಕ್ಕ ಹಾಕಿದರೆ ಸರಿಯಾಗಿ 200 ವರ್ಷ. ಅಮ್ಮನಿಗೆ ಏಳೆಂಟು ಬತ್ತಿ ಹಿಡಿದಿತ್ತು.

ಅಮ್ಮನಿಗೆ ಈ ವಿಷಯದಲ್ಲಿ ಬೇರೆ ಒಂದು ಕಾರಣಕ್ಕೂ ಕಿವಿ ಚುರುಕಾಗಿತ್ತೆಂದು ನನಗೆ ತಡವಾಗಿ ತಿಳಿಯಿತು. ಕ್ಷಯದ ಮದ್ದಿನ ಕಾಗದವೊಂದನ್ನು ಅನುವಾದ ಮಾಡುತ್ತಿದ್ದಾಗ ಹಳೆಯದನ್ನೆಲ್ಲ ಓದಿಕೊಂಡಿದ್ದೆ. 1948ರಲ್ಲಿ ಬ್ರಿಟನ್ನಿನವರು ಸ್ಟ್ರೆಪ್ಟೋಮೈಸಿನ್ನನ್ನು ಮುಖ ನೋಡದೆ ಹಂಚಿ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಒಟ್ಟು 107 ರೋಗಿಗಳು. ಮದ್ದು ಸಿಕ್ಕ 55 ಜನರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು 4, ಹಾಸಿಗೆಯಲ್ಲಿ ಬರೀ ವಿಶ್ರಾಂತಿ ಪಡೆದ 52 ಜನರಲ್ಲಿ 14. ಮದ್ದು ಸಿಗದವರಿಗೆ, ತಮ್ಮನ್ನು ಇನ್ನೊಂದು ಗುಂಪಿನ ಜೊತೆ ಹೋಲಿಸಿ ನೋಡುತ್ತಿದ್ದಾರೆಂದೇ ಹೇಳಿರಲಿಲ್ಲ. ಮುಂದೆ 1956ರಲ್ಲಿ ಮದರಾಸಿನಲ್ಲಿ ಇನ್ನೊಂದು ನಡೆಯಿತು. ಕ್ಷಯದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲಿ ಇಟ್ಟರು, ಇನ್ನು ಕೆಲವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ ಒಂದು ವರ್ಷ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಜೊತೆಯಲ್ಲಿದ್ದ ಹೆಂಡತಿ ಮಕ್ಕಳಿಗೆ ಅದರಿಂದ ಹೆಚ್ಚಾಗಿ ಅಂಟಿರಲೂ ಇಲ್ಲ. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಕ್ಷಯದವರನ್ನು ಮನೆಯಿಂದ ದೂರ ಸಾಗಿಸಬೇಕೆಂಬ ನಂಬಿಕೆ ಹೀಗೆ ಸಡಿಲವಾಯಿತು.

ಇದನ್ನು ನಾನು ಯಾವುದೋ ಪರೀಕ್ಷೆಯ ಫಲಿತಾಂಶ ಓದುವವನಂತೆ ಉತ್ಸಾಹದಿಂದ ಹೇಳಿದೆ. ಅಮ್ಮ ಸುಮ್ಮನೆ ಕೇಳಿದರು.

“ಅಣ್ಣಯ್ಯನ್ನ ಮೈಸೂರಿಗೆ ಕರಕೊಂಡು ಹೋದಾಗ ನಂಗೆ ಹನ್ನೆರಡು” ಎಂದರು.

ನನ್ನ ಸೋದರಮಾವ ಒಬ್ಬರು ಚಿಕ್ಕ ವಯಸ್ಸಿನಲ್ಲೇ ಹೋದರೆಂದು ಗೊತ್ತಿತ್ತು, ಯಾವುದರಿಂದ ಎಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಅದಕ್ಕೆ ‘ಎದೆ ನೆಗಡಿ’ ಎಂದೇ ಹೆಸರು. ಅವರಿಗೂ ಹಾಗೆಂದೇ ಹೇಳಿದ್ದರಂತೆ. ಒಂದೇ ಸಲ ಅಮ್ಮನನ್ನು ಕರೆದೊಯ್ದಿದ್ದರು. ವರಾಂಡದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ಇವರು. ಹತ್ತಿರ ಹೋಗಬಾರದು. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಬೀಸಿದರಂತೆ, ರೈಲಿನಲ್ಲಿ ಹೋಗುವವರ ಹಾಗೆ. ಆಮೇಲೆ ಕಾಗದ ಬರುತ್ತಿದ್ದವು. ಮಿಡಿ ಉಪ್ಪಿನಕಾಯಿ ಕಳಿಸಿ ಎಂದು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಆ ಕಾಗದಗಳನ್ನು ಅಜ್ಜಿ ಸಾಂಬ್ರಾಣಿ ಹೊಗೆಯ ಮೇಲೆ ಹಿಡಿದು ಆಮೇಲೆ ಓದಿಸುತ್ತಿದ್ದರು. ಒಂದು ಸಲ ಹೊಗೆ ಹೆಚ್ಚಾಗಿ ಮೂಲೆ ಸುಟ್ಟುಹೋಯಿತು. ಅಲ್ಲಿ ಏನು ಬರೆದಿತ್ತೋ, ಯಾರಿಗೂ ತಿಳಿಯಲಿಲ್ಲ.

“ಮನೇಲೇ ಇಟ್ಕೋಬಹುದಿತ್ತು ಅನ್ನು ಹಾಗಾದ್ರೆ.”

“ಆಗ ಗೊತ್ತಿರಲಿಲ್ಲಮ್ಮ. ಆ ಮಾತ್ರೆಗಳೂ ಇನ್ನೂ ಬಂದಿರಲಿಲ್ಲ.”

“ಗೊತ್ತಿಲ್ಲ ಅಂತ ಯಾರೂ ಹೇಳಲಿಲ್ಲವಲ್ಲೋ. ಹಿಂಗೇ ಮಾಡ್ಬೇಕು ಅಂತಲೇ ಹೇಳಿದ್ರು.”

ಆ ಮೇಲೆ ಅಮ್ಮ ಡಾಕ್ಟರ ಮರ್ಯಾದೆಯ ವಿಷಯ ಎತ್ತಲಿಲ್ಲ.

ಕೆಲಸ ಹೆಚ್ಚಾದಂತೆ ನಿಯಮಗಳೂ ಹೆಚ್ಚಾದವು. ಯಾರೋ ಬಡವರಿಗೆ ಏನೂ ಹೇಳದೆ ಸಹಿ ಹಾಕಿಸಿಕೊಂಡರೆಂದು ದೇಶದಲ್ಲಿ ಗಲಾಟೆಯಾಗಿ, ಸುಪ್ರೀಂ ಕೋರ್ಟಿನವರೆಗೂ ಹೋಗಿ, 2013ರ ನವೆಂಬರಿನಲ್ಲಿ ಒಪ್ಪಿಗೆ ತೆಗೆದುಕೊಳ್ಳುವುದನ್ನೆಲ್ಲ ವಿಡಿಯೋ ಮಾಡಬೇಕೆಂದು ಆದೇಶವಾಯಿತು. ನನ್ನ ಕನ್ನಡ ಹೇಗೆ ಕೆಲಸ ಮಾಡುತ್ತದೆ ನೋಡಿ ಎಂದು ಅಕ್ಕನ ಮಗ ಒಂದು ದಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದ. ಕ್ಯಾಮೆರಾದ ಎದುರು ರೈತರೊಬ್ಬರು, ಅವರ ಹೆಂಡತಿ. ಫೋಟೋ ತೆಗೀತಾರೆ ಎಂದು ಯಾರೋ ಹೇಳಿದ್ದರಿಂದ ಆಕೆ ಮದುವೆಮನೆಗೆ ಉಡುವ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದಿದ್ದರು. ರೋಗಿ ಗಂಡ, ಸಿಂಗಾರ ಹೆಂಡತಿಯದು. ಎಳೆ ವಯಸ್ಸಿನ ಡಾಕ್ಟರಮ್ಮ ಹದಿನೆಂಟು ಪುಟವನ್ನೂ ತಾಳ್ಮೆಯಿಂದ ಓದಿ ಹೇಳಿದರು. ನನ್ನ ವಾಕ್ಯಗಳು ಬೇರೆಯವರ ಬಾಯಿಂದ ಬರುವುದನ್ನು ಕೇಳಿ ಪುಳಕಿತನಾದೆ. ಐದನೇ ಪುಟದ ಹೊತ್ತಿಗೆ ಆಕಳಿಸಿದೆ.

“ಎಲ್ಲಾ ಅರ್ಥ ಆಯ್ತಾ ಯಜಮಾನ್ರೇ?”

“ಆಯ್ತು ತಾಯಿ.”

“ಏನು ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳಿ.”

ಅವರು ಹೆಂಡತಿಯ ಮುಖ ನೋಡಿ, ಕ್ಯಾಮೆರಾ ನೋಡಿ, ಕೊನೆಗೆ ಡಾಕ್ಟರಮ್ಮನನ್ನು ನೋಡಿ ಹೇಳಿದರು: “ತಾವು ಒಳ್ಳೇವ್ರು ಅಂತ ಅರ್ಥ ಆಯ್ತು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮೊದಲನೇ ಪುಟದಿಂದ ಮತ್ತೆ ಶುರುಮಾಡಿದರು. ಆಕೆ ನಿಜಕ್ಕೂ ಒಳ್ಳೆಯವರೇ.

ಪರಿಹಾರದ ಪುಟ ಬಂದದ್ದೂ ಆ ಕಾಲದಲ್ಲೇ. ಅಧ್ಯಯನದ ಕಾರಣದಿಂದ ಯಾರಾದರೂ ಸತ್ತರೆ ಎಷ್ಟು ಕೊಡಬೇಕೆಂದು ಸರ್ಕಾರ ಒಂದು ಸೂತ್ರ ಮಾಡಿತು. 8 ಲಕ್ಷವನ್ನು ವಯಸ್ಸಿನ ಅಂಕದಿಂದ ಗುಣಿಸಿ, ಅಪಾಯದ ಅಂಕದಿಂದ ಗುಣಿಸಿ, 99.37ರಿಂದ ಭಾಗಿಸಬೇಕು. ಗಣಿತದಲ್ಲಿ ನಾನು ಮೊದಲಿನಿಂದಲೂ ಲೋಪಸಂಧಿ. ಅಮ್ಮನಿಗೆ ಅದು ಹಾಲಿನ ಲೆಕ್ಕ. “ನನ್ನಂಥವಳಿಗೆ ಎಷ್ಟು ಬರುತ್ತೆ?” ಎಂದರು. ಅರವತ್ತೈದು ದಾಟಿದವರ ವಯಸ್ಸಿನ ಅಂಕವೂ 99.37. ಮೇಲೆ ಕೆಳಗೆ ಹೊಡೆದುಹೋಯಿತು. ಉಳಿದದ್ದು ಅಪಾಯದ ಅಂಕ: ಆರು ತಿಂಗಳೂ ಬದುಕುವ ಭರವಸೆ ಇಲ್ಲದವರಿಗೆ 0.5, ಆರೋಗ್ಯವಂತರಿಗೆ 4. ಅಂದರೆ ಗಟ್ಟಿಮುಟ್ಟಾದ ಅಮ್ಮನ ಬೆಲೆ 32 ಲಕ್ಷ, ಸಾಯಲು ಮಲಗಿದ ಅಮ್ಮನ ಬೆಲೆ 4 ಲಕ್ಷ.

“ಸಂತೇಲಿ ಎಮ್ಮೆಗೂ ಹಿಂಗೇ ಕಣೋ” ಅಂದರು. ಆದರೂ ಆ ದಿನವಿಡೀ ಅವರ ನಡಿಗೆಯಲ್ಲಿ ಒಂದು ಗತ್ತಿತ್ತು. ಸೊಸೆ ಕಾಫಿ ತಡಮಾಡಿದಾಗ, “ಮೂವತ್ತೆರಡು ಲಕ್ಷದವಳು ಕಾಯ್ತಾ ಇದೀನಿ” ಎಂದರು.

ಆ 32 ಲಕ್ಷ 4 ಲಕ್ಷಕ್ಕೆ ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಮರುವರ್ಷ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಯಾವ ಅಧ್ಯಯನವೂ ಅಲ್ಲ, ವಯಸ್ಸು. ಅವರು ಕೊನೆಯದಾಗಿ ಓದಿದ ಕರಡು ನನ್ನ ಬಳಿ ಇದೆ. ಪೆನ್ಸಿಲಿನ ಗುರುತುಗಳು ಐದಾರು ಪುಟದವರೆಗೆ ದಟ್ಟವಾಗಿವೆ, ಆಮೇಲೆ ತೆಳುವಾಗುತ್ತವೆ. ಹನ್ನೊಂದನೇ ಪುಟದಲ್ಲಿ ಒಂದು ವಾಕ್ಯದ ಸುತ್ತ ಕೈ ನಡುಗಿದ ಒಂದು ವೃತ್ತ. ವಾಕ್ಯ ಹೀಗಿದೆ: ‘ಈ ಮದ್ದು ನಿಮಗೆ ಉಪಯೋಗವಾಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ.’ ಪಕ್ಕದ ಅಂಚಿನಲ್ಲಿ ಹಾಲಿನ ಲೆಕ್ಕದ ಅಕ್ಷರದಲ್ಲೇ: ‘ಇದನ್ನ ಮೊದಲು ಹಾಕು.’

ಹಾಕಿದೆ. ಮೊದಲ ಪುಟದ ಮೊದಲ ಸಾಲು ಅದೇ ಆಗುವಂತೆ ಇಟ್ಟು ಕಳಿಸಿದೆ. ಮೂರು ದಿನದಲ್ಲಿ ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂತು. ಮೂಲದಲ್ಲಿ ಹನ್ನೊಂದನೇ ಪುಟದಲ್ಲಿರುವುದು ಅನುವಾದದಲ್ಲೂ ಹನ್ನೊಂದನೇ ಪುಟದಲ್ಲೇ ಇರತಕ್ಕದ್ದು. ಅವರು ಹೇಳುವುದರಲ್ಲೂ ನ್ಯಾಯವಿದೆ. ಅನುವಾದಕನಾದವನು ಬೇರೆಯವರ ಮನೆಯ ಕುರ್ಚಿ ಎತ್ತಿ ಆಚೀಚೆ ಇಡಬಾರದು. ಅಕ್ಕನ ಮಗನ ಮೂಲಕ ಎರಡು ಪತ್ರ ಬರೆದೆ, ಒಂದಕ್ಕೆ ಉತ್ತರ ಬಂತು. ವಾಕ್ಯ ಹನ್ನೊಂದಕ್ಕೇ ಹಿಂತಿರುಗಿತು. ಈಗಲೂ ಹೊಸ ಕಟ್ಟು ಬಂದರೆ ಮೊದಲು ಆ ವಾಕ್ಯ ಯಾವ ಪುಟದಲ್ಲಿದೆ ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಒಮ್ಮೆ ಒಂಬತ್ತಕ್ಕೆ ಬಂದಿತ್ತು. ಹೋದ ತಿಂಗಳು ಹದಿನಾಲ್ಕಕ್ಕೆ ಹೋಗಿದೆ.

ಮೊನ್ನೆ ಏಪ್ರಿಲಿನಲ್ಲಿ ನನ್ನದೇ ಬಿಪಿ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಕರೆಂಟು ಹೋಯಿತು, ಫ್ಯಾನು ನಿಂತಿತು. ಪಕ್ಕದಲ್ಲಿದ್ದ ನಡುವಯಸ್ಸಿನವನೊಬ್ಬ ಚೀಲದಿಂದ ಒಂದು ಕಟ್ಟು ತೆಗೆದು ಬೀಸಿಕೊಳ್ಳತೊಡಗಿದ. ನೋಡಿದರೆ ನನ್ನದೇ ಕೂಸು. ‘ಹೊಸ ಮದ್ದು ಕೊಟ್ಟು ನೋಡುವ’ ಎಂಬ ಅಕ್ಷರಗಳು ಕಣ್ಣೆದುರು ಹೋಗಿ ಬಂದು ಮಾಡುತ್ತಿದ್ದವು.

“ಓದಿದ್ರಾ ಅದನ್ನ?” ಎಂದೆ, ಆದಷ್ಟು ಉದಾಸೀನನಾಗಿ.

“ಓದ್ದೆ ಸ್ವಾಮಿ, ಎರಡು ಸಲ. ಸೈನೂ ಹಾಕ್ದೆ.”

“ಹನ್ನೊಂದನೇ ಪುಟ?”

ಆತ ಬೀಸುವುದನ್ನು ನಿಲ್ಲಿಸಿ, ಬೆರಳು ಎಂಜಲು ಮಾಡಿಕೊಂಡು, ಪುಟ ತಿರುಗಿಸಿ ಹುಡುಕಿದ. ತುಟಿ ಅಲುಗಿಸಿ ಓದಿಕೊಂಡ. ನಕ್ಕ.

“ಗೊತ್ತಿಲ್ಲ ಅಂತ ಬರ್ದವ್ರಲ್ಲ, ಅದಾ? ಅದು ದೊಡ್ಡೋರ ದೊಡ್ಡತನ. ಗೊತ್ತಿದ್ರೂ ಹಂಗಂತಾರೆ.”

ಹಾಗಲ್ಲ, ನಿಜಕ್ಕೂ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ನಿಮ್ಮನ್ನು ಕೇಳುತ್ತಿರುವುದು ಎಂದು ವಿವರಿಸಲು ಶುರುಮಾಡಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ನನ್ನ ಹಣೆಯಿಂದ ಬೆವರು ಕನ್ನಡಕದ ಮೇಲೆ ಇಳಿಯಿತು. ಆತ ಕಟ್ಟನ್ನು ಅಗಲವಾಗಿ ಬಿಚ್ಚಿ, ನನ್ನ ಕಡೆಗೂ ಒಂದಿಷ್ಟು ಬೀಸಿದ.